ಹಕ್ಕಿನ ಹಗ್ಗ ಯಾರ ಗೂಟಕ್ಕೆ?



‘ಪ್ರಗತಿಪರ’ ಎಂಬ ಮಾತು ಈಗ ನಮ್ಮಲ್ಲಿ ಎರಡು ದನಿಯಲ್ಲಿ ಕೇಳಿಸುತ್ತದೆ. ಒಬ್ಬರು ಅದನ್ನು ಬಿರುದಿನಂತೆ ಆಡುತ್ತಾರೆ, ಇನ್ನೊಬ್ಬರು ಬೈಗುಳದಂತೆ. ಆ ಮಾತಿನೊಳಗೆ ಏನಿದೆ ಎಂದು ನಿಂತು ಕೇಳುವವರು ಎರಡೂ ಕಡೆ ಕಡಿಮೆ. ಅಮೆರಿಕದಲ್ಲೂ ಸ್ಥಿತಿ ಬೇರೆಯಲ್ಲ. ಚುನಾವಣೆ ಬಂದಾಗ ಅಲ್ಲಿನ ಪ್ರಗತಿಪರರ ಬೇಡಿಕೆಗಳು ಪಟ್ಟಿಯಾಗಿ ಕಾಣಿಸುತ್ತವೆ: ಎಲ್ಲರಿಗೂ ಆರೋಗ್ಯ ಸೇವೆ, ವಲಸಿಗರಿಗೆ ನ್ಯಾಯವಾದ ಕಾನೂನು, ದುಡಿಯುವವರಿಗೆ ಸಂಘ ಕಟ್ಟುವ ಹಕ್ಕು, ಹೆಂಗಸರಿಗೆ ತಮ್ಮ ಬದುಕಿನ ಮೇಲೆ ಅಧಿಕಾರ. ಸಂತೆಯ ಚೀಟಿಯಂತೆ ಓದಿಕೊಂಡು ಹೋದರೆ ಇವು ನಾಲ್ಕು ಬೇರೆ ಬೇರೆ ಸಾಮಾನು. ಒಂದನ್ನು ಕೊಂಡು ಮೂರನ್ನು ಬಿಡಬಹುದು ಅನ್ನಿಸುತ್ತದೆ.

ಈ ನಾಲ್ಕರ ಬುಡದಲ್ಲಿ ಇರುವುದು ಒಂದೇ ಪ್ರಶ್ನೆ ಎಂಬುದು ನನ್ನ ವಾದ. ಒಬ್ಬ ಮನುಷ್ಯನ ಹಕ್ಕನ್ನು ಯಾವುದಕ್ಕೆ ಕಟ್ಟಿ ನಿಲ್ಲಿಸಿದ್ದಾರೆ ಎಂಬುದೇ ಆ ಪ್ರಶ್ನೆ. ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲಲ್ಲಿ ಹುಲ್ಲು ಎಷ್ಟಿದೆ ಎಂಬುದು ಒಂದು ಲೆಕ್ಕ. ಗೂಟ ಎಲ್ಲಿದೆ, ಹಗ್ಗ ಎಷ್ಟುದ್ದ ಎಂಬುದು ಇನ್ನೊಂದು. ಹಸುವಿನ ಹೊಟ್ಟೆ ತುಂಬುವುದು ಎರಡನೆಯ ಲೆಕ್ಕದಿಂದ. ಹಕ್ಕುಗಳ ಚರ್ಚೆಯಲ್ಲಿ ನಾವು ಹುಲ್ಲಿನ ಮಾತನ್ನು ಬಹಳ ಆಡುತ್ತೇವೆ, ಗೂಟದ ಮಾತನ್ನು ಮರೆಯುತ್ತೇವೆ.

ಉದಾಹರಣೆಗೆ ಅಮೆರಿಕವನ್ನು ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ಅಲ್ಲಿ ಈ ಗೂಟಗಳನ್ನು ಹೂಳಿದ್ದು ಯಾವಾಗ, ಯಾರು ಎಂಬುದಕ್ಕೆ ಕಾನೂನಿನ ದಾಖಲೆ ಇದೆ. ಜೊತೆಗೆ ಕರ್ನಾಟಕದ ಅನೇಕ ಮನೆಗಳ ಮಗನೋ ಸೊಸೆಯೋ ಇವತ್ತು ಆ ಗೂಟಗಳ ಸುತ್ತಲೇ ಬದುಕುತ್ತಿದ್ದಾರೆ.

1. ಆಸ್ಪತ್ರೆಯ ಬಾಗಿಲಲ್ಲಿ ಮಾಲೀಕ

ಅಮೆರಿಕದಲ್ಲಿ ಸುಮಾರು 15 ಕೋಟಿ ಜನರ ಆರೋಗ್ಯ ವಿಮೆ ಬರುವುದು ಅವರು ಕೆಲಸ ಮಾಡುವ ಕಂಪನಿಯಿಂದ, ಅಥವಾ ಮನೆಯಲ್ಲಿ ಇನ್ನೊಬ್ಬರು ಕೆಲಸ ಮಾಡುವ ಕಂಪನಿಯಿಂದ. ಯಾರೋ ಕುಳಿತು ಯೋಚಿಸಿ ಕಟ್ಟಿದ ವ್ಯವಸ್ಥೆ ಇದಲ್ಲ. ಯುದ್ಧಕಾಲದ ಒಂದು ಅಡ್ಡದಾರಿ ಹೆದ್ದಾರಿಯಾದ ಕಥೆ ಇದು.

1942ರ ಅಕ್ಟೋಬರ್‌ನಲ್ಲಿ ಬೆಲೆಯೇರಿಕೆ ತಡೆಯಲು ಅಮೆರಿಕದ ಸರ್ಕಾರ ಕೂಲಿ ಸಂಬಳಗಳ ಏರಿಕೆಗೆ ತಡೆ ಹಾಕಿತು. ಗಂಡಸರು ಯುದ್ಧಕ್ಕೆ ಹೋಗಿದ್ದರು, ಕಾರ್ಖಾನೆಗಳಿಗೆ ಆಳುಗಳು ಸಾಲುತ್ತಿರಲಿಲ್ಲ, ಸಂಬಳ ಹೆಚ್ಚಿಸಿ ಸೆಳೆಯುವಂತಿಲ್ಲ. ವಿಮೆಯಂಥ ಸವಲತ್ತನ್ನು ಸಂಬಳದ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ ಎಂಬ ವಿನಾಯಿತಿ ಸಿಕ್ಕಿದ್ದೇ ತಡ, ಕಂಪನಿಗಳು ಆಸ್ಪತ್ರೆ ಖರ್ಚಿನ ಆಸೆ ತೋರಿಸಿ ಆಳುಗಳನ್ನು ಕರೆದವು. 1954ರ ತೆರಿಗೆ ಕಾನೂನು, ಕಂಪನಿ ಕಟ್ಟುವ ವಿಮೆಯ ಕಂತು ಕೆಲಸಗಾರನ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ ಎಂದು ಖಚಿತಪಡಿಸಿತು. ಯುದ್ಧ ಮುಗಿದರೂ ಗೂಟ ಉಳಿಯಿತು, ಅದರ ಸುತ್ತ ಸಿಮೆಂಟೂ ಬಿತ್ತು.

ಬೇರೆ ದಾರಿ ಇರಲಿಲ್ಲವೆಂದಲ್ಲ. 1945ರ ನವೆಂಬರ್‌ನಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಎಲ್ಲ ಪ್ರಜೆಗಳಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಬೇಕೆಂದು ಸಂಸತ್ತಿಗೆ ಸಂದೇಶ ಕಳಿಸಿದರು. ವೈದ್ಯರ ದೊಡ್ಡ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಅದನ್ನು ಸಮಾಜವಾದಿ ವೈದ್ಯಕೀಯ ಎಂದು ಕರೆದು, ಭಾರೀ ಹಣ ಸುರಿದು ವಿರೋಧಿಸಿತು. ಪ್ರಸ್ತಾಪ ಬಿದ್ದುಹೋಯಿತು. ಅದೇ ಕಾಲಕ್ಕೆ, 1948ರ ಜುಲೈ 5ರಂದು, ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ಅಲ್ಲಿ ರೋಗಿಯಾಗಲು ನೌಕರನಾಗಿರಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಗೂಟ ಹೂಳಿದವರಲ್ಲಿ ಕಾರ್ಮಿಕ ಮುಖಂಡರೂ ಇದ್ದರು. ಕಡ್ಡಾಯ ಆರೋಗ್ಯ ವಿಮೆಯ ಮಸೂದೆಗಳು 1910ರ ದಶಕದಲ್ಲಿ ಬಂದಾಗ, ಅಂದಿನ ದೊಡ್ಡ ಕಾರ್ಮಿಕ ಒಕ್ಕೂಟದ ಮುಖ್ಯಸ್ಥ ಸ್ಯಾಮ್ಯುಯೆಲ್ ಗಾಂಪರ್ಸ್ ಅದನ್ನು ಒಪ್ಪಲಿಲ್ಲ. ಸರ್ಕಾರವೇ ಕೊಟ್ಟರೆ ಸಂಘಕ್ಕೆ ಯಾರು ಬರುತ್ತಾರೆ ಎಂಬ ಅಳುಕು ಅದರ ಹಿಂದೆ ಇತ್ತು. ಯುದ್ಧದ ನಂತರ ದೊಡ್ಡ ಸಂಘಗಳು ಮೋಟಾರು, ಉಕ್ಕಿನ ಕಂಪನಿಗಳ ಜೊತೆ ಚೌಕಾಶಿ ಮಾಡಿ ತಮ್ಮ ಸದಸ್ಯರಿಗೆ ಒಳ್ಳೆಯ ವಿಮೆ ಗಳಿಸಿದವು. ಸಂಘವಿಲ್ಲದ ಸಣ್ಣ ಅಂಗಡಿಯ ಕೆಲಸಗಾರ್ತಿ ಹೊರಗೇ ಉಳಿದಳು. ತನ್ನ ಹಸುವಿಗೆ ಉದ್ದನೆಯ ಹಗ್ಗ ಸಿಕ್ಕಿದವನಿಗೆ ಗೂಟದ ಮೇಲೆ ಸಿಟ್ಟು ಬರುವುದಿಲ್ಲ.

ಗೂಟದ ನಿಜವಾದ ಬಿಗಿ ಗೊತ್ತಾಗುವುದು ಕೆಲಸ ಹೋದಾಗ. ಕಾಯಿಲೆ ಹೆಚ್ಚಾಗಿ ಕೆಲಸಕ್ಕೆ ಹೋಗಲಾಗದವನಿಗೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ವಿಮೆ ಹೋಗುತ್ತದೆ. ವಿಮೆ ಬೇಕಾದ ಹೊತ್ತಿಗೇ ವಿಮೆ ಇರುವುದಿಲ್ಲ. 1980ರ ದಶಕದಲ್ಲಿ ಬಂದ ಕೋಬ್ರಾ ಎಂಬ ಕಾನೂನು ಇದಕ್ಕೊಂದು ತೇಪೆ ಹಾಕಿತು: ಕೆಲಸ ಬಿಟ್ಟ ಮೇಲೂ ಸಾಮಾನ್ಯವಾಗಿ 18 ತಿಂಗಳು ಅದೇ ವಿಮೆಯಲ್ಲಿ ಇರಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತು, ಮೇಲೆ ಶೇ. 2ರಷ್ಟು ನಿರ್ವಹಣಾ ವೆಚ್ಚ, ಎಲ್ಲವನ್ನೂ ಸಂಬಳವಿಲ್ಲದವನೇ ಕಟ್ಟಬೇಕು. 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ಅಲ್ಲಿ ಎರಡು ಕೋಟಿಗೂ ಹೆಚ್ಚು ಕೆಲಸಗಳು ಹೋದವು. ಕೋವಿಡ್ ಸಾಂಕ್ರಾಮಿಕ ಊರೂರಿಗೆ ಹಬ್ಬಿದ ತಿಂಗಳಲ್ಲೇ ಜನ ವಿಮೆಯ ಚೀಟಿ ಕಳೆದುಕೊಳ್ಳುವ ವ್ಯವಸ್ಥೆಗೆ ವಿವೇಕ ಎಂಬ ಹೆಸರು ಒಪ್ಪುವುದಿಲ್ಲ.

ಹಗ್ಗ ಬಿಚ್ಚುವ ಕೆಲಸವೂ ನಡೆದಿದೆ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ಟ್ರೂಮನ್ ಅವರ ಎದುರಲ್ಲೇ, ವೃದ್ಧರ ಮೆಡಿಕೇರ್ ಮತ್ತು ಬಡವರ ಮೆಡಿಕೈಡ್ ಕಾನೂನಿಗೆ ಸಹಿ ಹಾಕಿದರು. ಮೊದಲ ಮೆಡಿಕೇರ್ ಕಾರ್ಡು ಟ್ರೂಮನ್ ಅವರಿಗೇ ಸಿಕ್ಕಿತು. ಈ ಕಾನೂನಿನ ಇನ್ನೊಂದು ಫಲವನ್ನು ಕಡಿಮೆ ಜನ ನೆನೆಯುತ್ತಾರೆ. ಕರಿಯರಿಗೆ ಬೇರೆ ವಾರ್ಡು ಇಟ್ಟ ಆಸ್ಪತ್ರೆಗೆ ಮೆಡಿಕೇರ್ ಹಣವಿಲ್ಲ ಎಂದು ಸರ್ಕಾರ ಹೇಳಿದ್ದೇ, ದಶಕಗಳ ಬೇಲಿಯನ್ನು ಸಾವಿರದಷ್ಟು ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಕಿತ್ತವು. ಉಪದೇಶಕ್ಕೆ ಬಗ್ಗದ ಬೇಲಿ ಬಿಲ್ಲಿಗೆ ಬಗ್ಗಿತು. 2010ರ ಆರೋಗ್ಯ ಕಾನೂನು, ಮೊದಲೇ ಕಾಯಿಲೆಯಿದೆ ಎಂಬ ಕಾರಣಕ್ಕೆ ವಿಮೆ ನಿರಾಕರಿಸುವುದನ್ನು ನಿಲ್ಲಿಸಿತು. 26 ವರ್ಷದವರೆಗೆ ಮಕ್ಕಳು ತಂದೆತಾಯಿಯ ವಿಮೆಯಲ್ಲಿ ಇರಬಹುದೆಂದಿತು. ಇಷ್ಟಾಗಿಯೂ 2023ರಲ್ಲಿ ಸುಮಾರು 2.6 ಕೋಟಿ ಜನರಿಗೆ ಯಾವ ವಿಮೆಯೂ ಇರಲಿಲ್ಲ.

2. ಗಂಡನ ಗೂಟ

ಮಾಲೀಕನ ಗೂಟಕ್ಕಿಂತ ಹಳೆಯದು ಗಂಡನ ಗೂಟ. ಅದು ಎಷ್ಟು ಆಳಕ್ಕೆ ಇಳಿದಿತ್ತು ಎಂದು ತೋರಿಸಲು ಒಂದೇ ಪ್ರಕರಣವನ್ನು ಹತ್ತಿರದಿಂದ ನೋಡೋಣ.

ಎಥೆಲ್ ಮೆಕೆಂಜಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹೆಣ್ಣುಮಗಳು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಓಡಾಡಿದವಳು. 1909ರಲ್ಲಿ ಅವಳು ಮದುವೆಯಾದದ್ದು ಒಬ್ಬ ಸ್ಕಾಟಿಷ್ ಗಾಯಕನನ್ನು. 1911ರಲ್ಲಿ ಕ್ಯಾಲಿಫೋರ್ನಿಯಾ ಹೆಂಗಸರಿಗೆ ಮತ ಕೊಟ್ಟಿತು. 1913ರಲ್ಲಿ ಅವಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದಳು. ಗುಮಾಸ್ತರು ಹೆಸರು ಬರೆದುಕೊಳ್ಳಲಿಲ್ಲ. ಕಾರಣ, 1907ರ ಒಂದು ಕಾನೂನು: ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ಗಂಡನ ದೇಶದವಳಾಗುತ್ತಾಳೆ. ಪರದೇಶದವಳನ್ನು ಮದುವೆಯಾದ ಗಂಡಸಿಗೆ ಇಂಥ ಯಾವ ತೊಂದರೆಯೂ ಇಲ್ಲ. ಅವಳು ಕೋರ್ಟಿಗೆ ಹೋದಳು. 1915ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅವಳ ವಿರುದ್ಧ ತೀರ್ಪು ಕೊಟ್ಟಿತು. ಕಾನೂನು ಗೊತ್ತಿದ್ದೇ ಮದುವೆಯಾಗಿದ್ದಾಳೆ, ಆದ್ದರಿಂದ ಪೌರತ್ವವನ್ನು ಅವಳೇ ಬಿಟ್ಟುಕೊಟ್ಟಂತೆ ಎಂಬುದು ತರ್ಕ. ಯಾವ ಹಕ್ಕಿಗಾಗಿ ಬೀದಿ ಸುತ್ತಿದಳೋ ಆ ಹಕ್ಕು ಊರಿಗೆಲ್ಲ ಬಂತು, ಅವಳ ಮನೆಗೆ ಮಾತ್ರ ಬರಲಿಲ್ಲ.

1922ರ ಕೇಬಲ್ ಕಾನೂನು ಈ ಹಗ್ಗವನ್ನು ಸಡಿಲಿಸಿತು, ಆದರೆ ಒಂದು ಗಂಟು ಬಿಟ್ಟಿತು. ಪೌರತ್ವಕ್ಕೆ ಅನರ್ಹರೆನಿಸಿದ ಗಂಡಸರನ್ನು, ಎಂದರೆ ಏಷ್ಯಾದವರನ್ನು, ಮದುವೆಯಾದ ಹೆಂಗಸು ಪೌರತ್ವ ಕಳೆದುಕೊಳ್ಳುವುದು ಮುಂದುವರಿಯಿತು. ಮರುವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಈ ಎರಡನ್ನೂ ಜೋಡಿಸಿ ನೋಡಿ: ಭಾರತೀಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ನೆಲದಲ್ಲೇ ಪರದೇಶಿ. ಆ ಗಂಟು ಬಿಚ್ಚಿದ್ದು 1931ರಲ್ಲಿ. ವಲಸೆಯ ಪ್ರಶ್ನೆ, ಹೆಣ್ಣಿನ ಪ್ರಶ್ನೆ ಎಂದು ನಾವು ಬೇರೆ ಬೇರೆ ಕಡತಗಳಲ್ಲಿ ಇಡುವುದು ಒಂದೇ ಮನೆಯೊಳಗೆ ಹೇಗೆ ಕೂಡಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಸಾಲದ ವಿಷಯ ನೋಡಿ. 1974ರ ಸಮಾನ ಸಾಲಾವಕಾಶ ಕಾನೂನು ಬರುವವರೆಗೆ, ಸ್ವಂತ ದುಡಿಮೆಯಿದ್ದ ಹೆಣ್ಣಿಗೂ ಸಾಲ ಕೊಡಲು ಬ್ಯಾಂಕುಗಳು ಗಂಡನ ಸಹಿ ಕೇಳಬಹುದಿತ್ತು. ಹೆರಿಗೆಯ ವಿಷಯ ನೋಡಿ. 1993ರ ಕುಟುಂಬ ರಜೆ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ವರ್ಷವಾದರೂ ಕೆಲಸ ಮಾಡಿದವರಿಗೆ. ಕೆಲವು ರಾಜ್ಯಗಳು ತಾವೇ ಸಂಬಳದ ರಜೆಯ ನಿಧಿ ಮಾಡಿಕೊಂಡಿವೆ. ಇಡೀ ದೇಶಕ್ಕೆ ಅನ್ವಯಿಸುವ ಸಂಬಳಸಹಿತ ಹೆರಿಗೆ ರಜೆ ಖಾಸಗಿ ನೌಕರರಿಗೆ ಅಲ್ಲಿ ಇಲ್ಲ. ನಮ್ಮಲ್ಲಿ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆಯಿದೆ ಎಂದು ಬೀಗುವ ಮೊದಲು, ಅದೂ ನೋಂದಾಯಿತ ಉದ್ಯೋಗದ ಗೂಟಕ್ಕೇ ಕಟ್ಟಿದ ಹಸು ಎಂಬುದನ್ನು ನೆನೆಯಬೇಕು. ಗಾರೆ ಕೆಲಸದವಳಿಗೂ ಮನೆಗೆಲಸದವಳಿಗೂ ಆ ಹಗ್ಗ ಎಟಕುವುದಿಲ್ಲ.

ಇನ್ನು ಗರ್ಭದ ಮೇಲಿನ ಅಧಿಕಾರ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಸಂವಿಧಾನದ ಹಕ್ಕೆಂದು ಕಂಡಿತು. 2022ರ ಜೂನ್ 24ರಂದು ಆ ತೀರ್ಪನ್ನು ತಾನೇ ರದ್ದುಪಡಿಸಿ ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಅಂದಿನಿಂದ ಅದು ಹೆಣ್ಣಿನ ಹಕ್ಕಾಗಿ ಉಳಿಯದೆ, ಅವಳ ಮನೆ ಇರುವ ರಾಜ್ಯದ ಹಕ್ಕಾಯಿತು. ನೆಲಕ್ಕೆ ಕಟ್ಟಿದ ಹಕ್ಕು ಎಷ್ಟು ಕ್ರೂರವಾಗಬಲ್ಲದು ಎಂಬುದು ಕನ್ನಡ ನಾಡಿಗೆ ಗೊತ್ತಿಲ್ಲದ್ದೇನಲ್ಲ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಿದ್ದರೂ, ಭ್ರೂಣದ ಎದೆಬಡಿತ ಇರುವವರೆಗೆ ಅದನ್ನು ತೆಗೆಯಲಿಲ್ಲ. ಸೋಂಕು ಅವರ ಜೀವ ತೆಗೆದುಕೊಂಡಿತು. ಅವರು ಹುಟ್ಟಿದ ದೇಶದಲ್ಲಿ 1971ರ ಕಾನೂನಿನಲ್ಲೇ ಗರ್ಭಪಾತಕ್ಕೆ ಅವಕಾಶವಿತ್ತು. 2018ರ ಮೇ 25ರಂದು ಐರ್ಲೆಂಡಿನ ಜನ ಮೂರನೇ ಎರಡರಷ್ಟು ಮತದಿಂದ ತಮ್ಮ ಸಂವಿಧಾನದ ಆ ನಿಷೇಧವನ್ನು ಕಿತ್ತುಹಾಕಿದರು. ಒಬ್ಬ ವಲಸಿಗ ಹೆಣ್ಣಿನ ಸಾವು ಆ ದೇಶದ ಹೆಣ್ಣುಮಕ್ಕಳೆಲ್ಲರ ಕಾನೂನನ್ನು ಬದಲಿಸಿತು.

3. ಪಟ್ಟಿಯ ಹೊರಗಿನ ಹೊಲ, ಅಡುಗೆಮನೆ

ಇನ್ನು ದುಡಿಯುವವರ ಹಕ್ಕು. 1911ರ ಮಾರ್ಚ್ 25ರ ಸಂಜೆ ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಕೆಲಸಗಾರ್ತಿಯರು ಬಟ್ಟೆ ಕದಿಯದಿರಲಿ ಎಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ಸತ್ತವರು 146 ಮಂದಿ. ಹೆಚ್ಚಿನವರು ಇಟಲಿಯಿಂದ, ಪೂರ್ವ ಯೂರೋಪಿನಿಂದ ಬಂದ ಎಳೆಯ ಹುಡುಗಿಯರು. ಸುದ್ದಿ ಕೇಳಿ ಓಡಿ ಬಂದು, ಕಿಟಕಿಗಳಿಂದ ಹುಡುಗಿಯರು ಹಾರುವುದನ್ನು ಬೀದಿಯಲ್ಲಿ ನಿಂತು ನೋಡಿದವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಸಮಾಜ ಕಾರ್ಯಕರ್ತೆಯೂ ಇದ್ದರು. 1933ರಲ್ಲಿ ಅವರು ಅಮೆರಿಕದ ಕಾರ್ಮಿಕ ಸಚಿವೆಯಾದರು. ಆ ದೇಶದ ಸಂಪುಟ ಸೇರಿದ ಮೊದಲ ಮಹಿಳೆ ಅವರು. 1935ರ ಸಾಮಾಜಿಕ ಭದ್ರತಾ ಕಾನೂನು, 1938ರ ಕನಿಷ್ಠ ಕೂಲಿ ಕಾನೂನು ಅವರ ಕೈಯಲ್ಲಿ ರೂಪ ಪಡೆದವು. ಗಂಟೆಗೆ 25 ಸೆಂಟು ಕನಿಷ್ಠ ಕೂಲಿ, ಹೆಚ್ಚಿನ ಗಂಟೆಗೆ ಹೆಚ್ಚಿನ ಕೂಲಿ, ಕಾರ್ಖಾನೆಗಳಲ್ಲಿ ಬಾಲ ದುಡಿಮೆಗೆ ತಡೆ.

ಆದರೆ ಈ ಕಾನೂನುಗಳೂ, 1935ರ ಕಾರ್ಮಿಕ ಸಂಘಗಳ ಕಾನೂನೂ ಎರಡು ಬಗೆಯ ದುಡಿಮೆಯನ್ನು ಹೊರಗಿಟ್ಟವು: ಹೊಲದ ಕೂಲಿ, ಮನೆಗೆಲಸ. ದಕ್ಷಿಣದ ರಾಜ್ಯಗಳಲ್ಲಿ ಈ ಎರಡು ಕೆಲಸಗಳಲ್ಲಿ ಇದ್ದವರು ಬಹುಪಾಲು ಕರಿಯರು, ಆ ರಾಜ್ಯಗಳ ಸಂಸದರ ಒಪ್ಪಿಗೆ ಪಡೆಯಲು ಈ ಬೆಲೆ ತೆರಲಾಯಿತು ಎಂಬುದು ಹಲವು ಇತಿಹಾಸಕಾರರ ವಾದ. ಹಣ ವಸೂಲಿಯ ತೊಡಕೇ ಕಾರಣ ಎನ್ನುವವರೂ ಇದ್ದಾರೆ. ಕಾರಣ ಯಾವುದಿದ್ದರೂ ಫಲ ಒಂದೇ. ಕನಿಷ್ಠ ಕೂಲಿ ಹೊಲಕ್ಕೆ ಇಳಿದದ್ದು 1966ರಲ್ಲಿ, ಅದೂ ಭಾಗಶಃ. ಅಡುಗೆಮನೆಗೆ ಬಂದದ್ದು 1974ರಲ್ಲಿ. ಸಂಘ ಕಟ್ಟುವ ರಾಷ್ಟ್ರೀಯ ಕಾನೂನಿನ ರಕ್ಷಣೆ ಈ ಇಬ್ಬರಿಗೆ ಇಂದಿಗೂ ಇಲ್ಲ.

ಹೊಲದ ಕೂಲಿಯ ಮೇಲೆ ಇನ್ನೊಂದು ಹಗ್ಗವೂ ಬಿತ್ತು. 1942ರಿಂದ 1964ರವರೆಗೆ ಬ್ರಾಸೆರೋ ಎಂಬ ಯೋಜನೆಯಲ್ಲಿ ಮೆಕ್ಸಿಕೋದಿಂದ ಕೂಲಿಯವರನ್ನು ಕರೆತಂದರು. ಒಟ್ಟು 40 ಲಕ್ಷಕ್ಕೂ ಹೆಚ್ಚು ಒಪ್ಪಂದಗಳಾದವು. ಕೂಲಿಯವನು ಬರುವುದು ಗೊತ್ತಾದ ತೋಟಕ್ಕೆ, ಗೊತ್ತಾದ ಅವಧಿಗೆ. ತಕರಾರು ಮಾಡಿದವನಿಗೆ ಕಾಣುವುದು ಗಡಿಯ ದಾರಿ. ಆರಂಭದ ವರ್ಷಗಳಲ್ಲಿ ಉಳಿತಾಯವೆಂದು ಕೂಲಿಯ ಶೇ. 10ರಷ್ಟನ್ನು ಹಿಡಿದಿಡಲಾಗುತ್ತಿತ್ತು, ಅದನ್ನು ಎಂದೂ ಕಾಣದವರು ಅನೇಕರು. ನಮ್ಮ ಕಡೆ ಮುಂಗಡ ಕೊಟ್ಟು ಆಳನ್ನು ಹಿಡಿದಿಡುವ ಜೀತಕ್ಕೂ ಇದಕ್ಕೂ ವ್ಯತ್ಯಾಸ ಉಂಟು. ಆದರೂ ಜೀತ ಕಂಡವರಿಗೆ ಇದರ ಗುರುತು ಸಿಗದೆ ಹೋಗುವುದಿಲ್ಲ.

ಬ್ರಾಸೆರೋ ಮುಗಿದ ಮರುವರ್ಷವೇ, 1965ರ ಸೆಪ್ಟೆಂಬರ್ 8ರಂದು, ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ಕೂಲಿಗಳ ಮುಷ್ಕರ ಹೊತ್ತಿಕೊಂಡಿತು. ಮೊದಲು ಕೆಲಸ ನಿಲ್ಲಿಸಿದವರು ಲ್ಯಾರಿ ಇಟ್ಲಿಯಾಂಗ್ ಮುಂದಾಳುತನದ ಫಿಲಿಪಿನೋ ಕೂಲಿಗಳು. ಡೊಲೋರೆಸ್ ಹುಯೆರ್ತಾ ಮೊದಲಾದವರ ಮೆಕ್ಸಿಕನ್ ಸಂಘ ವಾರದ ಮೇಲೆ ಸೇರಿಕೊಂಡಿತು. ಐದು ವರ್ಷ ನಡೆದ ಆ ಹೋರಾಟ 1970ರಲ್ಲಿ ಒಪ್ಪಂದ ತಂದಿತು. ಅದೇ ಸಂಘ, ಮುಷ್ಕರ ಮುರಿಯಲು ಕಾಗದಪತ್ರವಿಲ್ಲದ ವಲಸಿಗರನ್ನು ತೋಟದವರು ತರುತ್ತಿದ್ದಾರೆಂದು ಸಿಟ್ಟಾಗಿ, ಅವರ ಸುದ್ದಿಯನ್ನು ವಲಸೆ ಇಲಾಖೆಗೆ ಮುಟ್ಟಿಸಿದ್ದೂ ಉಂಟು. ಈ ಕಹಿಯನ್ನು ನುಂಗಿಕೊಂಡೇ ಮುಂದೆ ಹೋಗಬೇಕು. ಅಮೆರಿಕದ ಕಾರ್ಮಿಕ ಒಕ್ಕೂಟ 2000ದಲ್ಲಿ ತನ್ನ ನಿಲುವು ಬದಲಿಸಿ, ಕಾಗದವಿಲ್ಲದ ಕೆಲಸಗಾರರಿಗೆ ಕಾನೂನಿನ ನೆಲೆ ಬೇಕೆಂದು ಕೇಳಿತು. ದೂರು ಕೊಡಲಾಗದ ಕೂಲಿಯವನು ಪಕ್ಕದ ಸಾಲಿನಲ್ಲಿದ್ದರೆ ತನ್ನ ಕೂಲಿಯೂ ಏರುವುದಿಲ್ಲ ಎಂಬ ಲೆಕ್ಕವನ್ನು ಒಕ್ಕೂಟ ಕಲಿಯಲು ಒಂದು ತಲೆಮಾರು ಬೇಕಾಯಿತು.

4. ವೀಸಾದ ಕಾಗದ

ಹೊಲ ಬಿಟ್ಟು ಕಂಪ್ಯೂಟರಿನ ಕೋಣೆಗೆ ಬಂದರೆ ಗೂಟಕ್ಕೆ ಬಣ್ಣ ಬಳಿದಿರುತ್ತದೆ. 1990ರ ಕಾನೂನು ರೂಪಿಸಿದ ಎಚ್-1ಬಿ ವೀಸಾದ ಸಾಮಾನ್ಯ ಮಿತಿ ವರ್ಷಕ್ಕೆ 65,000, ಅಲ್ಲಿ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಅದನ್ನು ಪಡೆಯುವವರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಭಾರತೀಯರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಿಗೆ ಇದು ಪರಿಚಿತ ಹೆಸರು. ಅರ್ಜಿ ಹಾಕುವುದು ಕೆಲಸಗಾರನಲ್ಲ, ಕಂಪನಿ. ಕೆಲಸ ಹೋದರೆ ಇನ್ನೊಂದು ಕಂಪನಿ ಅರ್ಜಿ ಹಾಕಲು ಇರುವ ಅವಧಿ ಹೆಚ್ಚೆಂದರೆ 60 ದಿನ. ಅರವತ್ತೇ ದಿನದಲ್ಲಿ ಮನೆಯ ಕರಾರು, ಮಗುವಿನ ಶಾಲೆ, ಕಾರಿನ ಸಾಲ ಎಲ್ಲವೂ ತೂಗುಯ್ಯಾಲೆಗೆ ಬೀಳುತ್ತವೆ. ಜೊತೆಗೆ ಆರೋಗ್ಯ ವಿಮೆಯೂ ಅದೇ ಕಂಪನಿಯದು. ಒಂದೇ ಗೂಟಕ್ಕೆ ಎಷ್ಟು ಹಗ್ಗ!

ಮನೆಯೊಳಗೆ ಇನ್ನೊಂದು ಹಗ್ಗ. ಎಚ್-1ಬಿ ನೌಕರರ ಸಂಗಾತಿಗೆ, ಹೆಚ್ಚಾಗಿ ಹೆಂಡತಿಗೆ, ಸಿಗುವುದು ಎಚ್-4 ವೀಸಾ. ಇಲ್ಲಿ ಎಂಜಿನಿಯರೋ ಉಪನ್ಯಾಸಕಿಯೋ ಆಗಿದ್ದವರು ಅಲ್ಲಿ ಕೆಲಸ ಮಾಡುವಂತಿಲ್ಲ. 2015ರ ಮೇ ತಿಂಗಳಿನಿಂದ, ಗಂಡನ ಗ್ರೀನ್ ಕಾರ್ಡಿನ ಕಡತ ಒಂದು ಹಂತ ದಾಟಿದ್ದರೆ ಕೆಲಸದ ಪರವಾನಗಿ ಕೇಳಬಹುದು. ಆಗಲೂ ಅವಳ ದುಡಿಮೆ ಅವನ ಕಡತಕ್ಕೆ, ಅವನ ಕಡತ ಕಂಪನಿಗೆ. ಎಥೆಲ್ ಮೆಕೆಂಜಿಯ ಗುಮಾಸ್ತರು ಹೊಸ ಮೇಜಿಗೆ ಬಂದು ಕುಳಿತಂತೆ ಕಾಣುತ್ತದೆ. ಯಾವುದೇ ಒಂದು ದೇಶದವರಿಗೆ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಶೇ. 7ಕ್ಕಿಂತ ಹೆಚ್ಚು ಸಲ್ಲದು ಎಂಬ ನಿಯಮದಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ. ಆ ಸಾಲಿನಲ್ಲೇ ಮಕ್ಕಳಿಗೆ 21 ತುಂಬಿ, ತಂದೆತಾಯಿಯ ಕಡತದಿಂದ ಹೊರಬೀಳುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದಾಗ ನಮ್ಮಲ್ಲಿ ಗದ್ದಲವಾಯಿತು. ಗದ್ದಲ ಬೇಲಿಯ ಎತ್ತರದ ಬಗ್ಗೆ ಆಯಿತು, ಗೂಟದ ಬಗ್ಗೆ ಅಲ್ಲ.

ಸಡಿಲಿಸಿದಾಗ ಏನಾಗುತ್ತದೆ ಎಂಬುದೂ ಗೊತ್ತಿದೆ. 2000ದ ಒಂದು ತಿದ್ದುಪಡಿ, ಹೊಸ ಕಂಪನಿ ಅರ್ಜಿ ಸಲ್ಲಿಸಿದ ಕೂಡಲೇ ಕೆಲಸ ಬದಲಿಸಬಹುದು ಎಂದಿತು. ಆಕಾಶ ಬೀಳಲಿಲ್ಲ.

5. ಲಡ್ಲೋ ಊರಿನ ಒಂದು ಚೆಕ್ಕು

ಹಾಗಾದರೆ ಗೂಟವಿಲ್ಲದ ಹಕ್ಕು ಹೇಗಿರುತ್ತದೆ? ವರ್ಮಾಂಟ್ ರಾಜ್ಯದ ಲಡ್ಲೋ ಎಂಬ ಊರಿನಲ್ಲಿ ಐಡಾ ಮೇ ಫುಲ್ಲರ್ ಎಂಬ ಹೆಂಗಸಿದ್ದರು. ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿ, ಅವಿವಾಹಿತೆ. ಪರ್ಕಿನ್ಸ್ ರೂಪಿಸಿದ ಸಾಮಾಜಿಕ ಭದ್ರತೆಗೆ ಮೂರು ವರ್ಷ ಅವರ ಸಂಬಳದಿಂದ ಕಡಿತವಾದದ್ದು ಒಟ್ಟು 24.75 ಡಾಲರ್. 1940ರ ಜನವರಿ 31ರ ತಾರೀಖಿನ ಮೊದಲ ಮಾಸಿಕ ಚೆಕ್ಕು ಅವರ ಹೆಸರಿಗೇ ಬಂತು: 22.54 ಡಾಲರ್. ನೂರು ವರ್ಷ ಬದುಕಿ 1975ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಸಂದದ್ದು 22,888.92 ಡಾಲರ್. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತಾಳೆಯಿಲ್ಲ ಎಂದು ಟೀಕಾಕಾರರು ಈ ಲೆಕ್ಕವನ್ನೇ ಎತ್ತಿ ತೋರಿಸುತ್ತಾರೆ. ಮೊದಲ ತಲೆಮಾರಿನ ಮಟ್ಟಿಗೆ ಅದು ನಿಜವೂ ಹೌದು.

ನನ್ನ ಕಣ್ಣು ನಿಲ್ಲುವುದು ಚೆಕ್ಕಿನ ಮೇಲಿನ ಹೆಸರಿನಲ್ಲಿ. ಅವರಿಗೆ ಗಂಡನಿರಲಿಲ್ಲ, ಆಗ ಮಾಲೀಕನೂ ಇರಲಿಲ್ಲ. ಹಕ್ಕು ಬಂದದ್ದು ಒಂದು ಸಂಖ್ಯೆಯ ಮೂಲಕ. ಎಷ್ಟು ಕೆಲಸ ಬದಲಿಸಿದರೂ, ಯಾವ ರಾಜ್ಯಕ್ಕೆ ಹೋದರೂ ಆ ಸಂಖ್ಯೆ ಜೊತೆಗೆ ಬರುತ್ತದೆ. ಮಾಲೀಕನ ಪಾಲಿಗೆ ಇದ್ದದ್ದು ಹೊಣೆ ಮಾತ್ರ: ನೌಕರನಷ್ಟೇ ತಾನೂ ಕಟ್ಟಬೇಕು. ನನ್ನ ವಾದದ ತಿರುಳು ಇಲ್ಲಿದೆ. ಹೊಣೆಯನ್ನು ಗೂಟಕ್ಕೆ ಬಿಗಿಯಾಗಿ ಕಟ್ಟಬೇಕು, ಹಕ್ಕನ್ನು ಬಿಚ್ಚಿ ಬಿಡಬೇಕು. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು.

ಈ ಸಂಖ್ಯೆಗೂ ಒಂದು ಗಡಿಯಿದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತು. ಎಚ್-1ಬಿ ನೌಕರನ ಸಂಬಳದಿಂದಲೂ ಶೇ. 6.2 ಕಡಿತವಾಗುತ್ತದೆ. ಹತ್ತು ವರ್ಷದಷ್ಟು ಕಟ್ಟದೆ ಪಿಂಚಣಿಯ ಹಕ್ಕು ಹುಟ್ಟುವುದಿಲ್ಲ. ಎರಡು ದೇಶಗಳ ದುಡಿಮೆಯ ವರ್ಷಗಳನ್ನು ಕೂಡಿಸಿ ಎಣಿಸುವ ಒಪ್ಪಂದ ಅಮೆರಿಕಕ್ಕೆ ಹಲವು ದೇಶಗಳ ಜೊತೆ ಇದೆ, ಭಾರತದ ಜೊತೆ ಇಲ್ಲ. ಏಳೆಂಟು ವರ್ಷ ದುಡಿದು ಊರಿಗೆ ಮರಳಿದವನ ಕಂತು ಅಲ್ಲೇ ಉಳಿಯುತ್ತದೆ.

6. ಆಕ್ಷೇಪಗಳು

ಎದುರುವಾದಗಳನ್ನು ಗೌರವದಿಂದ ಕೇಳಬೇಕು. ಮೊದಲನೆಯದು ಹಣದ್ದು. ಫುಲ್ಲರ್ ಅವರ ವರ್ಮಾಂಟ್ ರಾಜ್ಯವೇ 2011ರಲ್ಲಿ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆಯ ಕಾನೂನು ಮಾಡಿತು. 2014ರಲ್ಲಿ, ಅದನ್ನು ಬಯಸಿ ಗೆದ್ದ ರಾಜ್ಯಪಾಲ ಪೀಟರ್ ಶಮ್ಲಿನ್ ತಾವೇ ಕೈಬಿಟ್ಟರು. ಬೇಕಾದ ತೆರಿಗೆಯ ಭಾರವನ್ನು ರಾಜ್ಯ ಹೊರಲಾರದೆಂದರು. ಪ್ರಗತಿಪರರು ಈ ಸೋಲನ್ನು ಮರೆಮಾಚಬಾರದು. ಆದರೆ ಕಂಪನಿ ಕಟ್ಟುವ ಕಂತು ಆಕಾಶದಿಂದ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಏರದೆ ಉಳಿದ ಸಂಬಳದಿಂದಲೇ ಹೋಗುತ್ತದೆ ಎಂದು ಬಹುಪಾಲು ಅರ್ಥಶಾಸ್ತ್ರಜ್ಞರು ಒಪ್ಪುತ್ತಾರೆ. ಆ ತೆರಿಗೆಗೆ ರಸೀದಿ ಇಲ್ಲ, ಅಷ್ಟೇ.

ಎರಡನೆಯದು ಗಡಿಯದ್ದು. ಯಾರು ಬರಬೇಕು, ಎಷ್ಟು ಮಂದಿ ಬರಬೇಕು ಎಂದು ತೀರ್ಮಾನಿಸುವುದು ದೇಶದ ಅಧಿಕಾರವಲ್ಲವೇ? ಹೌದು. ಅದನ್ನು ಒಪ್ಪಿಕೊಂಡೂ ಕೇಳಬಹುದಾದ ಪ್ರಶ್ನೆ ಇದೆ: ಬಾಗಿಲು ತೆರೆದು ಒಳಗೆ ಕರೆದವನನ್ನು ಒಬ್ಬನೇ ಯಜಮಾನನ ಕೈಗೆ ಏಕೆ ಕೊಡಬೇಕು? ಬಾಗಿಲ ಅಳತೆ ಒಂದು ವಿಷಯ, ಒಳಗಿನ ಸರಪಳಿ ಇನ್ನೊಂದು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಮಾಲೀಕನ ಗೂಟ ಕಿತ್ತು ಸರ್ಕಾರದ ಗೂಟಕ್ಕೆ ಕಟ್ಟಿದರೆ ಗೆದ್ದದ್ದೇನು? ಇದರಲ್ಲಿ ಸತ್ಯವಿದೆ. 2025ರ ಜುಲೈನಲ್ಲಿ ಸಹಿಯಾದ ಅಮೆರಿಕದ ಕಾನೂನು, ಮೆಡಿಕೈಡ್ ಪಡೆಯುವ ಅನೇಕ ವಯಸ್ಕರು ತಿಂಗಳಿಗೆ 80 ಗಂಟೆಯ ದುಡಿಮೆಗೆ ಪುರಾವೆ ತೋರಿಸಬೇಕೆನ್ನುತ್ತದೆ. ರೋಗಿಗೆ ಮತ್ತೆ ಮಾಲೀಕನ ಚೀಟಿ ಬೇಕು. 1996ರ ಕಾನೂನು ಗ್ರೀನ್ ಕಾರ್ಡು ಪಡೆದ ವಲಸಿಗರಿಗೂ ಐದು ವರ್ಷ ಮೆಡಿಕೈಡ್ ಬಾಗಿಲು ಮುಚ್ಚಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತೇವೆ. ಸರ್ಕಾರವೇ ದೇವರೂ ಪೂಜಾರಿಯೂ ಆದಾಗ ಕೇಳುವವರು ಬೇಕು. ಕಂಪನಿಯ ಮಾಲೀಕನನ್ನು ಮತ ಹಾಕಿ ಇಳಿಸಲಾಗದು, ಸರ್ಕಾರವನ್ನು ಇಳಿಸಬಹುದು, ಕೋರ್ಟಿಗೆ ಎಳೆಯಬಹುದು ಎಂಬುದಷ್ಟೇ ನನ್ನ ಉತ್ತರ. ಮತವೇ ಇಲ್ಲದ ವಲಸಿಗನ ಮಟ್ಟಿಗೆ ಈ ಉತ್ತರ ಅರ್ಧವೇ. ಉಳಿದರ್ಧವನ್ನು ಮತ ಇರುವವರು ತುಂಬಬೇಕು.

7. ನಮ್ಮ ಅಂಗಳ

ಕೊನೆಗೆ ನಮ್ಮ ಅಂಗಳಕ್ಕೆ ಬರುತ್ತೇನೆ. 2020ರ ಮೇ ಮೊದಲ ವಾರ, ಕೋವಿಡ್ ಲಾಕ್‌ಡೌನಿನ ನಡುವೆ, ಬಿಲ್ಡರುಗಳ ಜೊತೆ ಸಭೆ ನಡೆಸಿದ ನಂತರ, ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ನಿಲ್ಲಿಸಲು ಹೊರಟಿತು. ಟೀಕೆ ಬಂದ ಮೇಲೆ ಒಂದೆರಡು ದಿನದಲ್ಲೇ ನಿರ್ಧಾರ ಬದಲಿಸಿತು. ಬಿಹಾರದ, ಒಡಿಶಾದ ಕೂಲಿಯವನಿಗೆ ಬೆಂಗಳೂರಿನಲ್ಲಿ ಊಟಕ್ಕೆ ಕಾರ್ಡಿಲ್ಲ, ಊರಿಗೆ ಹೋಗಲು ರೈಲೂ ಇಲ್ಲ. ಗೂಟ ಬರಿಯ ಉಪಮೆಯಾಗಿ ಉಳಿಯದ ವಾರ ಅದು. ಅಮೆರಿಕದ ವೀಸಾ ನಿಯಮಕ್ಕೆ ಮರುಗುವ ನಾವು ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನ ಪಡಿತರ ಚೀಟಿ ಯಾವ ಊರಲ್ಲಿದೆ ಎಂದು ಕೇಳಿದವರಲ್ಲ.

ಹಗ್ಗ ಬಿಚ್ಚುವ ಪ್ರಯತ್ನಗಳು ಇಲ್ಲೂ ಇವೆ. ಪಡಿತರ ಚೀಟಿ ಈಗ ರಾಜ್ಯದ ಗಡಿ ದಾಟುತ್ತದೆ. ಭವಿಷ್ಯನಿಧಿಯ ಖಾತೆಗೆ 2014ರಿಂದ ಕೆಲಸ ಬದಲಿಸಿದರೂ ಬದಲಾಗದ ಸಂಖ್ಯೆಯಿದೆ. 2025ರಲ್ಲಿ ಕರ್ನಾಟಕ ಗಿಗ್ ಕೆಲಸಗಾರರಿಗಾಗಿ ಕಾನೂನು ಮಾಡಿತು: ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಲ್ಯಾಣ ಶುಲ್ಕ ಕಟ್ಟಬೇಕು, ಕೆಲಸಗಾರನಿಗೆ ಸಿಗುವ ಸಂಖ್ಯೆ ಮಾತ್ರ ಅವನದೇ, ಬೆಳಿಗ್ಗೆ ಒಂದು ಆ್ಯಪ್‌ಗೆ ಊಟ ಒಯ್ದು ಸಂಜೆ ಇನ್ನೊಂದಕ್ಕೆ ಗಾಡಿ ಓಡಿಸಿದರೂ. ಹೊಣೆ ಕಂಪನಿಗೆ, ಹಕ್ಕು ಮನುಷ್ಯನಿಗೆ. ಜಾರಿಗೆ ಬರುವ ದಾರಿಯಲ್ಲಿ ಈ ಕಾನೂನು ಎಷ್ಟು ಸವೆಯುತ್ತದೆ ಎಂಬುದನ್ನು ಕಾದು ನೋಡಬೇಕು. ತತ್ವದ ಮಟ್ಟಿಗೆ ಅದು ಲಡ್ಲೋದ ಚೆಕ್ಕಿನ ಮನೆತನಕ್ಕೇ ಸೇರಿದ್ದು.

ಮಾನ್ಯರೇ, ಯಾವುದೇ ಪಕ್ಷದ ಪ್ರಣಾಳಿಕೆಯನ್ನು ಪ್ರಗತಿಪರ ಎಂದು ಹೊಗಳುವ ಅಥವಾ ತೆಗಳುವ ಮೊದಲು ಅದು ಕೊಡುವ ಪ್ರತಿಯೊಂದು ಹಕ್ಕಿನ ಮುಂದೆ ಒಂದು ಪ್ರಶ್ನೆ ಇಡಿ ಎಂದಷ್ಟೇ ನನ್ನ ಕೋರಿಕೆ. ಈ ಮನುಷ್ಯನ ಕೆಲಸ ಹೋದ ಮರುದಿನ, ಈ ಹೆಂಗಸು ಗಂಡನ ಮನೆ ಬಿಟ್ಟ ಮರುದಿನ, ಈ ಕೂಲಿಯವನು ರೈಲು ಹತ್ತಿದ ಮರುದಿನ, ಆ ಹಕ್ಕು ಎಲ್ಲಿರುತ್ತದೆ? ಜೊತೆಗೆ ಹೊರಟಿದ್ದರೆ ಅದು ಹಕ್ಕು. ಹಿಂದೆಯೇ ಉಳಿದಿದ್ದರೆ, ಅದರ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ಹೋಗಿ ನೋಡಬೇಕು.